ಲಿಯೊನೋರೆಯೋ ಫಿಡೆಲಿಯೊನೋ? ಎರಡೂ ಡಬ್ಬಿ ಕೊಂಡವನ ಅನಿಸಿಕೆ

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತ ಕಲಿತವನಲ್ಲ. ಸರಸ್ವತಿಪುರಂನಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ, ರಾತ್ರಿ ಊಟ ಆದ ಮೇಲೆ ಹಾಲ್‌ನಲ್ಲಿ ಒಂದು ಹಳೇ ಸಿಡಿ ಪ್ಲೇಯರ್, ಅದಕ್ಕಿಂತ ಹಳೇ ಎರಡು ಸ್ಪೀಕರ್. ಈ ಹುಚ್ಚು ಹತ್ತಿದ್ದು ಚಿಕ್ಕವನಿದ್ದಾಗ ಬನ್ನಿಮಂಟಪಕ್ಕೆ ಪಂಜಿನ ಕವಾಯತು ನೋಡೋಕೆ ಹೋಗಿ, ಪೊಲೀಸ್ ಬ್ಯಾಂಡಿನವರು ನುಡಿಸೋದನ್ನು ಕೇಳಿ. ಜರ್ಮನ್ ಒಂದಕ್ಷರ ಬರೋದಿಲ್ಲ. ಹೀಗಿದ್ದೂ ಬೀಥೋವನ್ ಅನ್ನೋ ಜರ್ಮನ್ ಸಂಗೀತಗಾರನ ಒಂದೇ ಒಪೆರಾಕ್ಕೆ (ಹಾಡುಗಳಲ್ಲಿ ಕತೆ ಹೇಳೋ ನಾಟಕ) ಎರಡು ಸಲ ದುಡ್ಡು ಕೊಟ್ಟಿದ್ದೇನೆ, ಮನೆಯಲ್ಲಿ ಬೈಸಿಕೊಂಡೂ ಇದ್ದೇನೆ. "ಅದೇ ಕತೆ, ಅದೇ ಮನುಷ್ಯ ಬರೆದಿದ್ದು, ಎರಡೆರಡು ಯಾಕ್ರೀ?" ಅಂತ ಹೆಂಡತಿ ಕೇಳಿದಾಗ ಸರಿಯಾದ ಉತ್ತರ ಕೊಡೋಕಾಗಲಿಲ್ಲ. ಇದು ಅವತ್ತು ಕೊಡಬೇಕಾಗಿದ್ದ ಉತ್ತರ ಅಂದುಕೊಳ್ಳಿ.

ಒಂದನೇ ಸೆಟ್ಟು ‘ಲಿಯೊನೋರೆ’. 1805ರಲ್ಲಿ ಮೊದಲ ಸಲ ರಂಗಕ್ಕೆ ಬಂದಾಗ ಈ ಒಪೆರಾ ಹೇಗಿತ್ತೋ ಆ ರೂಪ. ರೆನೆ ಯಾಕೋಬ್ಸ್ ನಡೆಸಿದ್ದು, ನುಡಿಸಿದವರು ಫ್ರೈಬರ್ಗ್ ಬರೋಕ್ ಆರ್ಕೆಸ್ಟ್ರಾ. 2017ರಲ್ಲಿ ಪ್ಯಾರಿಸ್ಸಿನಲ್ಲಿ ಜನರೆದುರು ನುಡಿಸಿದಾಗ ರೆಕಾರ್ಡ್ ಮಾಡಿ, ಹಾರ್ಮೋನಿಯಾ ಮುಂಡಿ ಕಂಪನಿಯವರು 2019ರಲ್ಲಿ ಹೊರತಂದಿದ್ದು. ಎರಡು ಸಿಡಿ. ಎರಡನೇ ಸೆಟ್ಟು ‘ಫಿಡೆಲಿಯೊ’, ಅಂದರೆ 1814ರಲ್ಲಿ ತಿದ್ದಿ ಬರೆದ ರೂಪ. ಇವತ್ತು ಬಹುತೇಕ ಎಲ್ಲಾ ಕಡೆ ಆಡೋದು ಇದನ್ನೇ. ಒಟ್ಟೊ ಕ್ಲೆಂಪರರ್ 1962ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಕಟ್ಟಿಕೊಂಡು ಮಾಡಿದ ರೆಕಾರ್ಡಿಂಗ್. ಇದೂ ಎರಡು ಸಿಡಿ.

ಫಿಲ್‌ಹಾರ್ಮೋನಿಯಾ ಅಂದಾಗ ಮೈಸೂರಿನವನು ಸುಮ್ನೆ ಮುಂದಕ್ಕೆ ಹೋಗೋ ಹಾಗಿಲ್ಲ. ಆ ಆರ್ಕೆಸ್ಟ್ರಾವನ್ನು 1945ರಲ್ಲಿ ವಾಲ್ಟರ್ ಲೆಗ್ ಅನ್ನೋ ರೆಕಾರ್ಡಿಂಗ್ ನಿರ್ಮಾಪಕ ಕಟ್ಟಿದ. ಶುರುವಿನ ಕಷ್ಟದ ವರ್ಷಗಳಲ್ಲಿ ಅದಕ್ಕೆ ದುಡ್ಡು ಕೊಟ್ಟು ಕೈಹಿಡಿದವರಲ್ಲಿ ನಮ್ಮ ಜಯಚಾಮರಾಜ ಒಡೆಯರ್ ಒಬ್ಬರು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರೂ ಅವರೇ. ಒಂದು ಕಡೆ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸುತ್ತಾ, ಇನ್ನೊಂದು ಕಡೆ ಲಂಡನ್ನಿನಲ್ಲಿ ಮೆಡ್ನರ್ ಅನ್ನೋ ರಷ್ಯನ್ನನ ಸಂಗೀತ ರೆಕಾರ್ಡ್ ಆಗಲಿ ಅಂತ ಹಣ ಕಳಿಸಿದ ಮನುಷ್ಯ. ಈ ಫಿಡೆಲಿಯೊ ರೆಕಾರ್ಡಿಂಗಿಗೂ ನಿರ್ಮಾಪಕ ಅದೇ ಲೆಗ್. ಹಾಗಾಗಿ ಡಬ್ಬಿ ಮೇಲೆ ಆ ಆರ್ಕೆಸ್ಟ್ರಾದ ಹೆಸರು ನೋಡಿದಾಗ ನಮ್ಮೂರಿನ ದುಡ್ಡು ಇದರ ಬುಡದಲ್ಲಿ ಒಂಚೂರು ಇದೆ ಅನ್ನೋ ಜಂಬ ನನಗಂತೂ ಇದೆ.

ಕತೆ ಎರಡರಲ್ಲೂ ಒಂದೇ. ಫ್ಲೋರೆಸ್ಟಾನ್ ಅನ್ನೋನು ಜೈಲಿನ ಅಧಿಕಾರಿ ಪಿಝಾರೊನ ಗುಟ್ಟು ಬಯಲು ಮಾಡೋಕೆ ಹೋಗಿ ಯಾರಿಗೂ ಗೊತ್ತಿಲ್ಲದ ಹಾಗೆ ನೆಲಮಾಳಿಗೆಯಲ್ಲಿ ಬಂದಿ ಆಗಿದ್ದಾನೆ. ಅವನ ಹೆಂಡತಿ ಲಿಯೊನೋರೆ ಗಂಡಸಿನ ವೇಷ ಹಾಕಿ, ಫಿಡೆಲಿಯೊ ಅಂತ ಹೆಸರಿಟ್ಟುಕೊಂಡು, ಅದೇ ಜೈಲಿನ ಕಾವಲುಗಾರ ರೋಕೊನ ಹತ್ತಿರ ಕೆಲಸಕ್ಕೆ ಸೇರುತ್ತಾಳೆ. ರೋಕೊನ ಮಗಳು ಮಾರ್ಸೆಲಿನೆ ಈ ಹುಡುಗನನ್ನೇ ಮದುವೆ ಆಗ್ತೀನಿ ಅಂತ ಕೂರುತ್ತಾಳೆ. ಮಂತ್ರಿ ತಪಾಸಣೆಗೆ ಬರ್ತಾನೆ ಅಂತ ಸುದ್ದಿ ಬಂದಾಗ ಪಿಝಾರೊ ಹೆದರಿ ಫ್ಲೋರೆಸ್ಟಾನನನ್ನು ಕೊಂದು ಹೂತುಬಿಡೋಕೆ ಹೊರಡುತ್ತಾನೆ, ಗುಂಡಿ ತೋಡೋಕೆ ಕರೆದುಕೊಂಡು ಹೋಗೋದು ಈ ವೇಷದ ಹೆಂಡತಿಯನ್ನೇ. ಚೂರಿ ಎತ್ತಿದಾಗ ಅವಳು ಅಡ್ಡ ಬಂದು ಪಿಸ್ತೂಲು ಹಿಡಿಯುತ್ತಾಳೆ. ಅಷ್ಟರಲ್ಲಿ ಮೇಲಿನಿಂದ ಟ್ರಂಪೆಟ್ ಕೇಳುತ್ತೆ, ಮಂತ್ರಿ ಬಂದ. ನಮ್ಮಮ್ಮನಿಗೆ ಇಷ್ಟು ಹೇಳಿದ್ದಕ್ಕೆ "ಸಾವಿತ್ರಿ ಕತೆ ಕಣ್ಲಾ ಇದು, ಯಮನ ಕೈಲಿ ಚೂರಿ ಕೊಟ್ಟವರೆ ಅಷ್ಟೆಯ" ಅಂದರು. ಅಮ್ಮ ಮಂಡ್ಯ ಕಡೆಯವರು, ಕಂಪನಿ ನಾಟಕ ನೋಡಿ ಬೆಳೆದವರು, ಒಪೆರಾ ಅನ್ನೋ ಪದ ಗೊತ್ತಿಲ್ಲದೇ ಇದ್ದರೂ ಅದು ಏನು ಅಂತ ನನಗಿಂತ ಚೆನ್ನಾಗಿ ಗೊತ್ತು.

ಮೊದಲ ಪ್ರಯೋಗದ ದಿನ ನೋಡಿ, ಅದಕ್ಕಿಂತ ಕೆಟ್ಟ ಮುಹೂರ್ತ ಇರೋಕೆ ಸಾಧ್ಯ ಇಲ್ಲ. 1805ರ ನವೆಂಬರ್ 13ಕ್ಕೆ ನೆಪೋಲಿಯನ್ನನ ಸೈನ್ಯ ವಿಯೆನ್ನಾದೊಳಗೆ ಬಂತು. ದುಡ್ಡಿದ್ದವರು, ಬೀಥೋವನ್ನನ್ನ ಸಾಕುತ್ತಿದ್ದ ದೊಡ್ಡ ಮನೆತನದವರು, ಎಷ್ಟೋ ಜನ ಊರು ಬಿಟ್ಟಿದ್ದರು. ನವೆಂಬರ್ 20ಕ್ಕೆ ಒಪೆರಾ ಶುರು. ಎದುರಿಗೆ ಕೂತಿದ್ದವರಲ್ಲಿ ಫ್ರೆಂಚ್ ಸೈನ್ಯದ ಅಧಿಕಾರಿಗಳೇ ಜಾಸ್ತಿ, ಹಾಡುತ್ತಿರೋದು ಜರ್ಮನ್‌ನಲ್ಲಿ. ಮೂರು ದಿನ ಆಡಿ ನಿಲ್ಲಿಸಿದರು. ಬೀಥೋವನ್‌ಗೆ ‘ಲಿಯೊನೋರೆ’ ಅನ್ನೋ ಹೆಸರೇ ಬೇಕಾಗಿತ್ತು, ಆದರೆ ಅದೇ ಕತೆ ಮೇಲೆ ಪಾಯೆರ್ ಅನ್ನೋನು ಹಿಂದಿನ ವರ್ಷ ಒಂದು ಒಪೆರಾ ಮಾಡಿದ್ದರಿಂದ ಗೊಂದಲ ಬೇಡ ಅಂತ ನಾಟಕಶಾಲೆಯವರು ‘ಫಿಡೆಲಿಯೊ’ ಅಂತಲೇ ಹಾಕಿದರು. ಈಗ ಮೊದಲ ರೂಪವನ್ನು ಗುರುತಿಸೋಕೆ ಅನುಕೂಲ ಅಂತ ‘ಲಿಯೊನೋರೆ’ ಅಂತ ಕರೆಯೋದು.

ಆಮೇಲೆ ಗೆಳೆಯರೆಲ್ಲ ಸೇರಿ ಲಿಚ್ನೋವ್ಸ್ಕಿ ಅನ್ನೋ ರಾಜಮನೆತನದವನ ಮನೆಯಲ್ಲಿ ಒಂದು ಸಂಜೆ ಕೂತು, ಇಡೀ ಒಪೆರಾ ಮೊದಲಿಂದ ಕೊನೆವರೆಗೆ ಪಿಯಾನೋದಲ್ಲಿ ನುಡಿಸಿ, ಹಾಡಿ, ಇದನ್ನು ಕತ್ತರಿಸು, ಅದನ್ನು ಬಿಡು ಅಂತ ಬೀಥೋವನ್ನನ ಬೆನ್ನು ಹತ್ತಿದರು. ಅವನು ಒಂದು ಸ್ವರವನ್ನೂ ಬಿಡಲ್ಲ ಅಂತ ಹಠ. ರಾತ್ರಿ ಒಂದು ಗಂಟೆವರೆಗೆ ಎಳೆದಾಟ ನಡೆದು ಕೊನೆಗೆ ಒಪ್ಪಿದನಂತೆ, ಆ ರಾತ್ರಿ ಅಲ್ಲೇ ಇದ್ದ ರ‍್ಯೋಕಲ್ ಅನ್ನೋ ಗಾಯಕ ಹೇಳಿದ್ದು ಇದು. ನಮ್ಮ ಕಡೆ ಆಸ್ತಿ ಭಾಗ ಮಾಡೋಕೆ ಹಿರಿಯರು ಕೂತ ಹಾಗೇ ಅನಿಸುತ್ತೆ ಓದುವಾಗ. ಮೂರು ಅಂಕ ಇದ್ದದ್ದು ಎರಡಾಯ್ತು, 1806ರ ಮಾರ್ಚ್ 29ಕ್ಕೆ ಮತ್ತೆ ಆಡಿದರು. ಈ ಸಲ ಜನಕ್ಕೆ ಹಿಡಿಸಿತು, ಆದರೆ ಎರಡೇ ಪ್ರಯೋಗ ಆದ ಮೇಲೆ ಟಿಕೆಟ್ ದುಡ್ಡಿನ ಲೆಕ್ಕದಲ್ಲಿ ನಾಟಕಶಾಲೆಯ ಯಜಮಾನನ ಜೊತೆ ಜಗಳ ಆಡಿ ಬೀಥೋವನ್ ತನ್ನ ಬರಹ ಎತ್ತಿಕೊಂಡು ಮನೆಗೆ ಹೋದ. ಎಂಟು ವರ್ಷ ಅದು ಮೂಲೆಯಲ್ಲಿ ಬಿದ್ದಿತ್ತು.

ಅಲ್ಲಿಂದ ಅದು ಮೇಲೆದ್ದು ಬಂದ ಕತೆಗೆ ನಮ್ಮ ಶ್ರೀರಂಗಪಟ್ಟಣದ ನಂಟಿದೆ, ಇದು ಗೊತ್ತಾದ ದಿನ ನಾನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಪಟ್ಟಣದ ಆಡಳಿತಕ್ಕೆ ಕೂತಿದ್ದು ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ ಅಂತ ಹೆಸರಾದ ಇಂಗ್ಲಿಷ್ ಸೇನಾಧಿಕಾರಿ. ದರಿಯಾ ದೌಲತ್‌ನಲ್ಲಿ ವಾಸ. ಮೈಸೂರಿನ ಇರ್ವಿನ್ ರಸ್ತೆಯ ವೆಲ್ಲಿಂಗ್ಟನ್ ಹೌಸ್‌ಗೆ ಹೆಸರು ಬಂದಿದ್ದೂ ಅವನಿಂದಲೇ. 1805ರಲ್ಲಿ ಇಂಡಿಯಾ ಬಿಟ್ಟು ಹೋದ. ಅದೇ ವರ್ಷ ಈ ಒಪೆರಾ ವಿಯೆನ್ನಾದಲ್ಲಿ ತೋಪೆದ್ದಿದ್ದು. 1813ರಲ್ಲಿ ಇದೇ ವೆಲ್ಲೆಸ್ಲಿ ಸ್ಪೇನಿನ ವಿಟೋರಿಯಾದಲ್ಲಿ ಫ್ರೆಂಚರನ್ನು ಸೋಲಿಸಿದ. ಆ ಗೆಲುವಿನ ಮೇಲೆ ಬೀಥೋವನ್ ತುಪಾಕಿ, ಡೋಲು ಎಲ್ಲಾ ಸೇರಿಸಿ ‘ವೆಲ್ಲಿಂಗ್ಟನ್ನನ ವಿಜಯ’ ಅಂತ ಒಂದು ಗದ್ದಲದ ತುಣುಕು ಬರೆದ. ಸಂಗೀತ ಬಲ್ಲವರು ಅದನ್ನು ಅವನ ಕಳಪೆ ಕೆಲಸಗಳ ಲೆಕ್ಕಕ್ಕೆ ಹಾಕುತ್ತಾರೆ, ನನಗೂ ಎರಡನೇ ಸಲ ಕೇಳೋಕಾಗಲಿಲ್ಲ. ಆದರೆ 1813ರ ಡಿಸೆಂಬರ್ 8ಕ್ಕೆ ಅದನ್ನು ನುಡಿಸಿದಾಗ ವಿಯೆನ್ನಾ ಹುಚ್ಚೆದ್ದು ಕುಣಿಯಿತು. ರಾತ್ರೋರಾತ್ರಿ ಬೀಥೋವನ್ ಊರಿಗೆಲ್ಲ ಬೇಕಾದವನಾದ. ಆಗ ಮೂರು ಜನ ಗಾಯಕರು ಬಂದು, ನಮಗೊಂದು ಸಹಾಯಾರ್ಥ ಪ್ರಯೋಗ ಆಗಬೇಕು, ನಿಮ್ಮ ಆ ಹಳೇ ಒಪೆರಾ ಕೊಡಿ ಅಂತ ಕೇಳಿದರು. ತಿದ್ದೋಕೆ ಬಿಟ್ಟರೆ ಕೊಡ್ತೀನಿ ಅಂದ. ಟ್ರೈಟ್ಶ್ಕೆ ಅನ್ನೋ ನಾಟಕದವನು ಮಾತು ತಿದ್ದಿದ, ಇವನು ಸಂಗೀತ ತಿದ್ದಿದ. 1814ರ ಮೇ 23ಕ್ಕೆ ಹೊಸ ಫಿಡೆಲಿಯೊ. ಹೊಸ ಓವರ್ಚರ್ (ಪರದೆ ಏಳೋ ಮುಂಚೆ ನುಡಿಸೋ ವಾದ್ಯಸಂಗೀತ) ಅವತ್ತಿಗೆ ಮುಗಿದಿರಲಿಲ್ಲ, ಎರಡನೇ ಪ್ರಯೋಗಕ್ಕೆ ಬಂತು.

ಸರಿ, ಈಗ ಕೇಳಿದ್ದರ ವಿಷಯಕ್ಕೆ ಬರೋಣ.

ಯಾಕೋಬ್ಸ್ ಸೆಟ್ಟಿನ ಮೊದಲ ಸಿಡಿ ಹಾಕಿದರೆ ಬಹಳ ಹೊತ್ತು ನೀವು ಒಂದು ಮನೆಯೊಳಗೇ ಇರುತ್ತೀರಿ. ಜೈಲು ಅನ್ನೋದು ಗೋಡೆಯಾಚೆ ಎಲ್ಲೋ ಇದೆ, ಇಲ್ಲಿ ಮಗಳು, ಅಪ್ಪ, ಮಗಳ ಹಿಂದೆ ಬಿದ್ದಿರೋ ಯಾಕಿನೊ, ಮದುವೆ ಮಾತು, ದುಡ್ಡಿನ ಮಾತು. ಮೊದಲಿಗೆ ಮಾರ್ಸೆಲಿನೆ ಒಬ್ಬಳೇ ಹಾಡುತ್ತಾಳೆ, ಫಿಡೆಲಿಯೊ ಜೊತೆ ಸಂಸಾರ ಮಾಡೋ ಕನಸು. 1814ರಲ್ಲಿ ಈ ಕ್ರಮ ತಿರುಗಿಸಿದರು, ಮೊದಲು ಅವಳದೂ ಯಾಕಿನೊದೂ ಕಿತ್ತಾಟ, ಬಾಗಿಲು ಬಡಿಯೋ ಸದ್ದು, ಆಮೇಲೆ ಅವಳ ಹಾಡು. ನಾಟಕ ಎಬ್ಬಿಸೋಕೆ ಇದೇ ಸರಿ, ಒಪ್ಪುತ್ತೇನೆ. ಆದರೆ ಹಳೇ ರೂಪದಲ್ಲಿ ಮಾರ್ಸೆಲಿನೆ ಒಬ್ಬಳು ಮನುಷ್ಯಳು. ಅವಳೂ ಲಿಯೊನೋರೆಯೂ ಸೇರಿ ಮದುವೆ ಬಗ್ಗೆ ಹಾಡೋ ಒಂದು ಯುಗಳ ಗೀತೆ ಇದೆ, ಜೊತೆಗೆ ಒಂಟಿ ಪಿಟೀಲು, ಒಂಟಿ ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ). ಅವಳು ಇನ್ನೇನು ತಾಳಿ ಕಟ್ಟಿಸಿಕೊಂಡೇಬಿಟ್ಟೆ ಅನ್ನೋ ಖುಷಿಯಲ್ಲಿ ಹಾಡುತ್ತಾಳೆ, ಇವಳು ಪಾಪ, ಈ ಹುಡುಗಿಗೆ ಮೋಸ ಮಾಡ್ತಿದೀನಲ್ಲ ಅನ್ನೋ ಸಂಕಟದಲ್ಲಿ. 1814ಕ್ಕೆ ಇದನ್ನು ಕಿತ್ತು ಬಿಸಾಡಿದರು. ಅಪ್ಪ, ಮಗಳು, ಯಾಕಿನೊ ಮೂವರ ಒಂದು ಹಾಡೂ ಹೋಯ್ತು. ಕತೆ ಬೇಗ ಓಡುತ್ತೆ ನಿಜ, ಆದರೆ ಕೊನೆಗೆ ವೇಷ ಕಳಚಿದಾಗ ಮಾರ್ಸೆಲಿನೆಗೆ ಆಗೋ ಆಘಾತಕ್ಕೆ ಫಿಡೆಲಿಯೊದಲ್ಲಿ ಬೆಲೆಯೇ ಇಲ್ಲ. ಒಂದೆರಡು ಸಾಲು ಅತ್ತು ಗುಂಪಿನಲ್ಲಿ ಸೇರಿಹೋಗುತ್ತಾಳೆ. ನನ್ನ ಹೆಂಡತಿಗೆ ಕೋಪ ಬಂದಿದ್ದು ಇಲ್ಲೇ. "ಆ ಹುಡುಗಿ ಗತಿ ಏನು? ಅವಳನ್ನ ಯಾರೂ ಕೇಳೋದೇ ಇಲ್ವಲ್ಲ" ಅಂದಳು.

ಇನ್ನೊಂದು ಕಡೆ, ಹಳೇ ರೂಪ ಎಳೆಯುತ್ತೆ. ಸುಳ್ಳು ಹೇಳಲ್ಲ, ಮೊದಲ ಸಲ ಕೇಳುವಾಗ ನಾನು ಮಧ್ಯೆ ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕಿ ಬಂದೆ, ಬಂದಾಗಲೂ ಅದೇ ಹಾಡು ನಡೀತಿತ್ತು. ಬೀಥೋವನ್ನನಿಗೆ ಒಂದು ಮಾತನ್ನು ಒಂದೇ ಸಲ ಹೇಳಿ ಅಭ್ಯಾಸ ಇಲ್ಲ. ಎಂಟು ವರ್ಷ ಆದ ಮೇಲೆ ಕತ್ತರಿ ಹಿಡಿದು ಕೂತವನು ಎಲ್ಲೆಲ್ಲಿ ಎರಡು ಸಾಲು, ನಾಲ್ಕು ಸಾಲು ಕತ್ತರಿಸಿದ ಅನ್ನೋದು ಎರಡೂ ಸೆಟ್ಟು ಪಕ್ಕಪಕ್ಕ ಇಟ್ಟು ಕೇಳಿದರೆ ಗೊತ್ತಾಗುತ್ತೆ. ಅಕ್ಕಿ ಆರಿಸಿದ ಹಾಗೆ ಆರಿಸಿದ್ದಾನೆ.

ಲಿಯೊನೋರೆಯ ದೊಡ್ಡ ಹಾಡು ತಗೊಳ್ಳಿ. ಎರಡರಲ್ಲೂ ಮಧ್ಯದ ಭಾಗ ಒಂದೇ, ಭರವಸೆಯೇ ಬಾ ಅಂತ ಕರೆಯೋ ನಿಧಾನದ ಹಾಡು, ಜೊತೆಗೆ ಮೂರು ಹಾರ್ನ್ (ಸುರುಳಿ ಸುತ್ತಿದ ಹಿತ್ತಾಳೆ ಊದುವಾದ್ಯ). ಆದರೆ ಹಳೇದರಲ್ಲಿ ಅವಳು ಅದಕ್ಕೆ ಬರೋದು ಸುಸ್ತಾದ ಹೃದಯವೇ ಒಡೀಬೇಡ ಅಂತ ತನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತಾ. ಹೊಸದರಲ್ಲಿ ಪಿಝಾರೊನ ಸಂಚು ಕೇಳಿಸಿಕೊಂಡು ‘ನೀಚ’ ಅಂತ ಸಿಡಿದೇಳುತ್ತಾಳೆ, ಆ ಸಿಟ್ಟು ಇಳಿದು ಆಮೇಲೆ ಭರವಸೆಗೆ ಬರೋದು. ಹೊಸದು ಎಷ್ಟು ಮೇಲು ಅಂತ ವಾದ ಮಾಡೋ ಅಗತ್ಯವೇ ಇಲ್ಲ. ಅದೂ ಕ್ಲೆಂಪರರ್ ಸೆಟ್ಟಿನಲ್ಲಿ ಲಿಯೊನೋರೆ ಆಗಿರೋ ಕ್ರಿಸ್ಟಾ ಲುಡ್ವಿಗ್ ಬಾಯಲ್ಲಿ. ಅವಳದು ಮೆಝೊ, ಸ್ವಲ್ಪ ತಗ್ಗಿನ ಕಂಠ, ಈ ಪಾತ್ರಕ್ಕೆ ಮೇಲಿನ ಸ್ವರಗಳು ಅವಳಿಗೆ ಸುಲಭ ಅಲ್ಲ. ಆ ಕಷ್ಟ ಕೇಳುತ್ತೆ, ಕೇಳೋದೇ ಚೆಂದ. ಹಳೇದರ ಕೊನೇ ಭಾಗದಲ್ಲಿ ಗಮಕದ ಹಾಗೆ ಓಡೋ ಸ್ವರಗಳು ಜಾಸ್ತಿ. ಮೂರೂ ರೂಪಗಳಲ್ಲಿ ಮೊದಲು ಹಾಡಿದವಳು ಆನ್ನಾ ಮಿಲ್ಡರ್, 1805ರಲ್ಲಿ ಅವಳಿಗೆ ಇನ್ನೂ ಇಪ್ಪತ್ತರ ಆಸುಪಾಸು, ಈ ಹಾಡು ಕಂಠಕ್ಕೆ ಒಗ್ಗಲ್ಲ ಅಂತ ಬೀಥೋವನ್ ಜೊತೆ ಜಗಳ ಆಡಿದ್ದೆ ಅಂತ ಆಮೇಲೆ ಹೇಳಿಕೊಂಡಿದ್ದಾಳೆ. ಯಾಕೋಬ್ಸ್ ಸೆಟ್ಟಿನಲ್ಲಿ ಮಾರ್ಲಿಸ್ ಪೀಟರ್ಸನ್ ಆ ಓಟವನ್ನೆಲ್ಲ ಸಲೀಸಾಗಿ ಹಾಡಿದ್ದಾಳೆ. ಅಲ್ಲಿ ನಿಜವಾದ ಮಜಾ ಹಾರ್ನ್‌ಗಳದು. ಹಳೇ ಕಾಲದ, ಕೀಲಿ ಇಲ್ಲದ ಹಾರ್ನ್, ವಾದ್ಯದ ಬಾಯೊಳಗೆ ಕೈ ತೂರಿಸಿ ಸ್ವರ ತಿದ್ದಬೇಕು. ಹಾಗಾಗಿ ಒಂದು ಸ್ವರ ತೆರೆದ ಬಾಯಿಂದ ಬಂದರೆ ಪಕ್ಕದ್ದು ಮೂಗು ಕಟ್ಟಿದ ಹಾಗೆ ಬರುತ್ತೆ. ಪೊಲೀಸ್ ಬ್ಯಾಂಡಿನ ಹಿತ್ತಾಳೆ ಹೊಳಪು ಇದರಲ್ಲಿಲ್ಲ. ಯಾರೋ ನಿಜವಾಗಿ ಉಸಿರು ಬಿಡ್ತಿದಾರೆ ಅನಿಸುತ್ತೆ.

ಫ್ಲೋರೆಸ್ಟಾನನ ಹಾಡಿನ ವಿಷಯದಲ್ಲಿ ಟ್ರೈಟ್ಶ್ಕೆ ಹೇಳಿರೋ ಪ್ರಸಂಗ ನನಗೆ ಬಹಳ ಇಷ್ಟ. ಹೊಸ ಗಾಯಕನಿಗೆ ಅಬ್ಬರದ ಹಾಡೊಂದು ಬೇಕು, ಆದರೆ ಹಸಿವಿಂದ ಸಾಯ್ತಾ ಇರೋ ಮನುಷ್ಯ ಅಬ್ಬರಿಸಿ ಹೇಗೆ ಹಾಡ್ತಾನೆ? ಕೊನೆಗೆ ಟ್ರೈಟ್ಶ್ಕೆ, ಸಾಯೋ ಮುಂಚೆ ದೀಪ ಭಗ್ ಅಂತ ಉರಿಯೋ ಹಾಗೆ, ಹೆಂಡತಿ ದೇವತೆಯಾಗಿ ಕಣ್ಮುಂದೆ ಬಂದ ಹಾಗೆ ಕಾಣೋ ಸಾಲುಗಳನ್ನು ಬರೆದುಕೊಟ್ಟ. ಬೀಥೋವನ್ ಸಂಜೆ ಅವನ ಮನೆಗೆ ಬಂದವನು ಅದನ್ನು ಓದಿ, ಶತಪಥ ಹಾಕಿ, ಗೊಣಗಿ, ಪಿಯಾನೋ ತೆಗೆದು ಕೂತ. ಊಟ ಬಡಿಸಿದರು, ಮುಟ್ಟಲಿಲ್ಲ. ಮರುದಿನಕ್ಕೆ ಹಾಡು ತಯಾರು. ಹಳೇದರಲ್ಲಿ ಈ ಜಾಗದಲ್ಲಿ ಅವನು ಹೆಂಡತಿಯ ಚಿತ್ರ ನೋಡಿಕೊಂಡು ಹಿಂದಿನ ಒಳ್ಳೇ ದಿನಗಳನ್ನು ನೆನೆಯುತ್ತಾನೆ, ಅಷ್ಟೇ, ತಣ್ಣಗೆ. ಹೊಸದರಲ್ಲಿ ಓಬೋ (ನಾದಸ್ವರದ ಜಾತಿಯ ಊದುವಾದ್ಯ) ಮೇಲೆ ಮೇಲೆ ಹತ್ತುತ್ತಾ ಹೋಗುತ್ತೆ, ಅವನು ಅದರ ಹಿಂದೆ ಏದುಸಿರು ಬಿಡುತ್ತಾ ಹೋಗುತ್ತಾನೆ, ಕುಸಿಯುತ್ತಾನೆ. ಕ್ಲೆಂಪರರ್ ಸೆಟ್ಟಿನಲ್ಲಿ ಜಾನ್ ವಿಕರ್ಸ್ ಇದನ್ನು ಹಾಡಿರೋದು ಕೇಳಿದರೆ ಬೇರೆಯವರದು ಕೇಳೋ ಮನಸ್ಸಾಗಲ್ಲ. ಮೊದಲಿಗೆ ‘ದೇವರೇ’ ಅಂತ ಕೂಗೋದೇ ಸಾಕು. ನಾನು ಮೊದಲ ಸಲ ಇಯರ್‌ಫೋನಿನಲ್ಲಿ ಕೇಳಿ ಬೆಚ್ಚಿಬಿದ್ದೆ.

ಕೈದಿಗಳ ಹಾಡಿಗೂ ಹೊಸದಕ್ಕೇ ನನ್ನ ಓಟು. ಬಿಸಿಲಿಗೆ ಬಿಟ್ಟಾಗ ಅವರು ಮೆಲ್ಲಗೆ ಹಾಡೋದು ಎರಡರಲ್ಲೂ ಇದೆ. ಆದರೆ 1805ರಲ್ಲಿ ಆ ಅಂಕ ಮುಗಿಯೋದು ಪಿಝಾರೊ ಮತ್ತವನ ಕಾವಲುಗಾರರ ಅಬ್ಬರದಲ್ಲಿ. 1814ರಲ್ಲಿ ಮುಗಿಯೋದು ಕೈದಿಗಳು ಬೆಚ್ಚನೆ ಬಿಸಿಲಿಗೆ ಹೋಗಿಬರ್ತೀವಿ ಅಂತ ಹೇಳಿ ಮತ್ತೆ ಒಳಗೆ ಹೋಗೋದರಲ್ಲಿ. ಕ್ಲೆಂಪರರ್ ಇಲ್ಲಿ ಅವಸರವೇ ಮಾಡಲ್ಲ. ಆಗ ಅವನಿಗೆ 76. ಹಿಟ್ಲರ್ ಬಂದ 1933ರಲ್ಲೇ ಜರ್ಮನಿ ಬಿಟ್ಟು ಓಡಿದ ಯಹೂದಿ, ಮೆದುಳಿನ ಗಡ್ಡೆ ತೆಗೆಸಿ ದೇಹದ ಒಂದು ಭಾಗ ಸ್ವಾಧೀನ ತಪ್ಪಿದ್ದವನು. ಅವನ ಕೈದಿಗಳು ಹೆಜ್ಜೆ ಎಣಿಸಿಕೊಂಡು ನಡೆಯುತ್ತಾರೆ. ನಾಲ್ಕು ಜನ ಒಂದೇ ಧಾಟಿಯನ್ನು ಒಬ್ಬರ ಹಿಂದೆ ಒಬ್ಬರು ಹಾಡೋ ಕ್ವಾರ್ಟೆಟ್ ಕೂಡ ಹಾಗೇ, ನಿಧಾನ, ಬಹಳ ನಿಧಾನ, ಕೆಲವರಿಗೆ ಬೇಜಾರೂ ಆಗಬಹುದು. ಒಂದು ತಮಾಷೆ: ಈ ಸೆಟ್ಟಿನಲ್ಲಿ ಪಿಝಾರೊ ಹಾಡಿರೋ ವಾಲ್ಟರ್ ಬೆರಿ ಆಗ ಕ್ರಿಸ್ಟಾ ಲುಡ್ವಿಗ್‌ಳ ಗಂಡ. ಅಂದರೆ ಗಂಡನನ್ನು ಉಳಿಸೋಕೆ ಅವಳು ಪಿಸ್ತೂಲು ಹಿಡಿದಿರೋದು ನಿಜವಾದ ಗಂಡನ ಮೇಲೆ! ಮನೆಯಲ್ಲಿ ಇದನ್ನು ಹೇಳಿದಾಗ ಬಂದ ನಗು ಅಷ್ಟು ಸುಲಭಕ್ಕೆ ನಿಲ್ಲಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಫಿಡೆಲಿಯೊ ಒಂದೇ ಸಾಕಲ್ವಾ, ಲಿಯೊನೋರೆ ಯಾಕೆ ಕೊಳ್ಳಬೇಕು ಅಂತ ನೀವು ಕೇಳಬಹುದು. ಅದಕ್ಕೆ ಕಾರಣ ಎರಡನೇ ಸಿಡಿಯ ಕೊನೆಗಿರೋ ಕೆಲವು ನಿಮಿಷ.

ಫಿಡೆಲಿಯೊದಲ್ಲಿ ಟ್ರಂಪೆಟ್ ಊದಿದ ಮೇಲೆ ಯಾಕಿನೊ ಓಡಿಬಂದು ಮಂತ್ರಿ ಬಂದ ಅಂತ ಹೇಳುತ್ತಾನೆ, ರೋಕೊ ದೇವರು ದೊಡ್ಡವನು ಅನ್ನುತ್ತಾನೆ, ಪಿಝಾರೊನ ಕತೆ ಮುಗೀತು ಅಂತ ನಮಗೂ ಗೊತ್ತು ಅವರಿಗೂ ಗೊತ್ತು. ಗಂಡ ಹೆಂಡತಿ ತಬ್ಬಿಕೊಂಡು ಹೆಸರಿಲ್ಲದ ಸಂತೋಷ ಅಂತ ಹಾಡುತ್ತಾರೆ. ಪರದೆ ಬದಲಾಗಿ ಕೋಟೆಯ ಬಯಲು, ಬೆಳಕು, ಜನ, ಜಯಘೋಷ. ಚೆನ್ನಾಗಿದೆ. ಆದರೆ ಆ ಸಂತೋಷದ ಹಾಡಿಗೆ ಮುಂಚೆ ಒಂದು ಭಯ ಇರಬೇಕಿತ್ತು, ಅದು ಇಲ್ಲ.

1805ರಲ್ಲಿ ಟ್ರಂಪೆಟ್ ಊದಿದ ಮೇಲೆ ರೋಕೊ ಲಿಯೊನೋರೆಯ ಕೈಯಿಂದ ಪಿಸ್ತೂಲು ಕಿತ್ತುಕೊಂಡು ಪಿಝಾರೊನ ಹಿಂದೆ ಹೋಗಿಬಿಡುತ್ತಾನೆ. ಯಾಕೆ ಕಿತ್ತುಕೊಂಡ? ಇವನೂ ಅವನ ಕಡೆಯವನೇನಾ? ಅವಳಿಗೆ ಗೊತ್ತಿಲ್ಲ. ಕೂಗಿ ಬಿದ್ದುಬಿಡುತ್ತಾಳೆ. ಫ್ಲೋರೆಸ್ಟಾನನ ಕಾಲಿಗೆ ಸರಪಳಿ, ಅವಳ ಹತ್ತಿರ ಹೋಗೋಕಾಗಲ್ಲ. ಕತ್ತಲೆ. ಅವನು ಕರೆಯುತ್ತಾನೆ, ಓಬೋ ಮೆಲ್ಲಗೆ ಕೇಳುತ್ತೆ, ಅವಳು ನಿಧಾನಕ್ಕೆ ಎಚ್ಚರ ಆಗುತ್ತಾಳೆ. ತುಂಡು ತುಂಡು ಮಾತು. ಆಮೇಲೆ ಅದೇ ಸಂತೋಷದ ಹಾಡು ಬರುತ್ತೆ, ಅದೇ ಧಾಟಿ, ಆದರೆ ಈಗ ಅದರ ಅರ್ಥವೇ ಬೇರೆ. ಉಳಿದೆವು ಅಂತ ಅವರು ಹಾಡ್ತಿಲ್ಲ. ಸಾಯೋದಾದರೂ ಒಟ್ಟಿಗೆ ಇದೀವಲ್ಲ ಅಂತ ಹಾಡ್ತಿದಾರೆ. ಆಮೇಲೆ ದೂರದಿಂದ ಸೇಡು, ಸೇಡು ಅಂತ ಜನರ ಕೂಗು ಹತ್ತಿರ ಹತ್ತಿರ ಬರುತ್ತೆ. ಅದು ತಮ್ಮನ್ನು ಕೊಲ್ಲೋಕೆ ಬರ್ತಿರೋ ಗುಂಪೋ ಬಿಡಿಸೋಕೆ ಬರ್ತಿರೋ ಗುಂಪೋ ಅಂತಲೂ ಅವರಿಗೆ ಗೊತ್ತಿಲ್ಲ. ಕೊನೇ ದೃಶ್ಯ ಬಯಲಲ್ಲಿ ಅಲ್ಲ, ಆ ನೆಲಮಾಳಿಗೆಯಲ್ಲೇ.

ಮೊದಲ ಸಲ ಇದು ಬಂದಾಗ ಅಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಫಿಡೆಲಿಯೊ ಅವರಿಗೆ ಮುಂಚೆ ಕೇಳಿಸಿದ್ದೆ, ಆಗ ಕೈ ನಿಂತಿರಲಿಲ್ಲ. ಇಲ್ಲಿ ಕೈ ನಿಂತಿತು. ಒಂದು ಕಾಯಿ ಅರ್ಧ ಸುಲಿದು ಹಾಗೇ ಹಿಡಿದುಕೊಂಡು, "ಬಾಗ್ಲು ತೆಗುದ್ರೇನ್ಲಾ?" ಅಂತ ಕೇಳಿದರು. ಇನ್ನೂ ಇಲ್ಲಮ್ಮ ಅಂದೆ. "ಮತ್ಯಾಕೆ ಹಾಡ್ತಾವರೆ?" ಅಂದರು. ನಾನು ಏನೂ ಹೇಳಲಿಲ್ಲ. ಅವರೇ ಸ್ವಲ್ಪ ಹೊತ್ತು ಬಿಟ್ಟು "ಊಂ" ಅಂದರು.

ಅದಾದ ಮುಂದಿನ ಭಾನುವಾರ ಅಮ್ಮನನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆ, ರಂಗನಾಥನ ದರ್ಶನಕ್ಕೆ. ಹಾಗೇ ಕರ್ನಲ್ ಬೇಲಿ ಬಂದೀಖಾನೆಗೂ ಇಳಿದೆವು. ಎಷ್ಟೋ ಸಲ ನೋಡಿದ ಜಾಗ, ಪುಸ್ತಕದ ಪಾಠದ ಹಾಗೆ ನೋಡಿದ್ದು. ಸುಮಾರು 30 ಮೀಟರ್ ಉದ್ದ, 12 ಮೀಟರ್ ಅಗಲ, ಮೇಲೆ ಕಮಾನು, ಗೋಡೆಗೆ ಸಾಲಾಗಿ ನೆಟ್ಟ ಕಲ್ಲು, ಕಲ್ಲಿಗೆ ತೂತು, ಕೈ ಚಾಚಿಸಿ ಸರಪಳಿ ಹಾಕೋಕೆ. 1780ರ ಪೊಲ್ಲಿಲೂರು ಯುದ್ಧದಲ್ಲಿ ಸಿಕ್ಕಿಬಿದ್ದ ಬೇಲಿ 1782ರಲ್ಲಿ ಪಟ್ಟಣದಲ್ಲೇ ಸತ್ತ, ಈ ಜಾಗಕ್ಕೆ ಅವನ ಹೆಸರೇ ಉಳಿಯಿತು. ಹೊರಗೆ ಹುಡುಗರು ಕ್ರಿಕೆಟ್ ಆಡ್ತಿದ್ದರು. ಒಳಗೆ ನಿಂತರೆ ಕೂಗು ಕೇಳುತ್ತೆ, ಆದರೆ ಖುಷಿಗೆ ಕೂಗಿದ್ದೋ ಜಗಳಕ್ಕೆ ಕೂಗಿದ್ದೋ ಗೊತ್ತಾಗಲ್ಲ. ಕಮಾನು ಸದ್ದನ್ನು ಉಂಡೆ ಮಾಡಿ ಕೊಡುತ್ತೆ. ಆಗ ನನಗೆ 1805ರ ಆ ಕೊನೇ ದೃಶ್ಯ ತಲೆಗೆ ಹತ್ತಿತು. ಬೀಥೋವನ್ ಮೊದಲು ಬರೆದಾಗ ಕಿವಿ ಇಟ್ಟಿದ್ದು ಒಳಗಿರೋರ ಜೊತೆ. ತಿದ್ದಿದಾಗ ಹೊರಗೆ ಬಂದು ಬಯಲಲ್ಲಿ ಜನರ ಜೊತೆ ನಿಂತ. ನೆಪೋಲಿಯನ್ ಸೋತು ಹೋಗಿದ್ದ 1814ಕ್ಕೆ ಬಯಲಲ್ಲಿ ನಿಂತು ಜೈ ಅನ್ನೋದು ಸಹಜ. ಶತ್ರು ಸೈನ್ಯ ಊರೊಳಗೆ ಇದ್ದ 1805ಕ್ಕೆ, ಬಾಗಿಲಾಚೆಯ ಸದ್ದು ಯಾರದು ಅಂತ ಯಾರಿಗೆ ಗೊತ್ತಿತ್ತು? ಒಪೆರಾವನ್ನು ಅದಕ್ಕೆ ಮುಂಚೆಯೇ ಬರೆದು ಮುಗಿಸಿದ್ದ ಅನ್ನೋದು ಬೇರೆ ವಿಷಯ.

ರೆಕಾರ್ಡಿಂಗಿನ ಗುಣದ ಬಗ್ಗೆ ಎರಡು ಮಾತು. ಯಾಕೋಬ್ಸ್ ಸೆಟ್ಟಿನ ಸದ್ದು ಇತ್ತೀಚಿನದು, ಸ್ವಚ್ಛ, ತಮಟೆಯ ಪೆಟ್ಟು ಎದೆಗೆ ಬಡಿಯುತ್ತೆ. ಹಾಡಿನ ಮಧ್ಯದ ಮಾತುಗಳನ್ನು ಅವನು ನಾಟಕದ ಹಾಗೆ ಆಡಿಸಿದ್ದಾನೆ, ಪಿಸುಗುಟ್ಟೋದು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳೋದು. ಭಾಷೆ ಬರದವರಿಗೆ ಮೂರನೇ ಸಲಕ್ಕೆ ಈ ಮಾತು ಜಾಸ್ತಿ ಅನಿಸುತ್ತೆ, ಆಗ ರಿಮೋಟ್ ಕೈಯಲ್ಲಿರಲಿ. ವೇಗವೂ ಜಾಸ್ತಿ, ಅದರಿಂದಲೇ ಆ ಉದ್ದದ ಮೊದಲ ಅಂಕ ಸಹಿಸಬಹುದು. ಕ್ಲೆಂಪರರ್‌ದು 1962ರ ಸದ್ದು ಅಂದರೆ ಯಾರೂ ನಂಬಲ್ಲ, ಅಷ್ಟು ತುಂಬಿಕೊಂಡಿದೆ. ಗಾಟ್ಲೋಬ್ ಫ್ರಿಕ್ ಅನ್ನೋನು ರೋಕೊ, ಅವನ ದನಿ ಬಾವಿಯೊಳಗಿಂದ ಬಂದ ಹಾಗಿದೆ. ಫೋನಿನ ಆ್ಯಪ್‌ನಲ್ಲಿ ಕೇಳೋರು ಹಾಡುಗಳ ಮಧ್ಯೆ ಜಾಹೀರಾತು ಬರದ ಹಾಗೆ ನೋಡಿಕೊಳ್ಳಿ. ನೆಲಮಾಳಿಗೆಯಲ್ಲಿ ಆ ಮನುಷ್ಯ ಬಾಯಿ ಬಿಡೋ ಹೊತ್ತಿಗೆ ನನಗೆ ಒಂದು ಸಲ ಹೋಮ್ ಲೋನ್ ಬೇಕಾ ಅಂತ ಕೇಳಿತು. ನಾನು ದಿನವಿಡೀ ಮಾಡೋದೇ ಆ ಕೆಲಸ.

ಕೊಳ್ಳೋದರಲ್ಲಿ ಆದ ಕಿರಿಕಿರಿ ಬೇರೆ. ಮೈಸೂರಿನ ಅಂಗಡಿಗಳಲ್ಲಿ ಸಿಡಿ ಕೇಳಿದರೆ ಈಗ ವಿಚಿತ್ರ ಪ್ರಾಣಿ ನೋಡಿದ ಹಾಗೆ ನೋಡುತ್ತಾರೆ, ಹಾಗಾಗಿ ಆನ್‌ಲೈನಿನಲ್ಲೇ ತರಿಸಿದ್ದು. ಲಿಯೊನೋರೆ ಡಬ್ಬಿ ಬಂದಾಗ ಒಂದು ಮೂಲೆ ಒಡೆದಿತ್ತು, ಎರಡನೇ ಸಿಡಿಗೆ ಗೀರು, ಸರಿಯಾಗಿ ಆ ಪಿಸ್ತೂಲು ಕಿತ್ತುಕೊಳ್ಳೋ ಜಾಗದಲ್ಲೇ ತಡವರಿಸೋದು. ಮಾರಿದವರಿಗೆ ಫೋಟೋ ಕಳಿಸಿದರೆ, ಡಬ್ಬಿ ಒಡೆದಿರೋದು ಕಾಣುತ್ತೆ, ಸಿಡಿ ತಡವರಿಸೋದು ಫೋಟೋದಲ್ಲಿ ಕಾಣಲ್ವಲ್ಲ ಅಂದರು. ವಿಡಿಯೋ ಮಾಡಿ ಕಳಿಸಿದೆ. ಮೂರು ವಾರ ಓಡಾಡಿಸಿ ಬೇರೆ ಕೊಟ್ಟರು. ಬಂದ ದಿನವೇ ಪೂರ್ತಿ ಹಾಕಿ ನೋಡಿ, ಡಬ್ಬಿ ನೋಡಿ ಸುಮ್ಮನಾಗಬೇಡಿ.

ಯಾವುದು ಕೊಳ್ಳಬೇಕು? ಒಂದಕ್ಕೇ ದುಡ್ಡಿದ್ದರೆ ಕ್ಲೆಂಪರರ್‌ನ ಫಿಡೆಲಿಯೊ, ಯೋಚನೆಯೇ ಬೇಡ. ಅದು ಪೂರ್ತಿ ಬೆಂದ ಅಡುಗೆ. ಅದನ್ನು ನಾಲ್ಕೈದು ಸಲ ಕೇಳಿ, ಧಾಟಿ ಬಾಯಿಗೆ ಬಂದ ಮೇಲೆ ಲಿಯೊನೋರೆ ತಗೊಳ್ಳಿ. ಮೊದಲೇ ಹಳೇದನ್ನು ಕೇಳಿದರೆ ಎಳೀತಲ್ಲ ಅಂತ ಬಿಟ್ಟುಬಿಡ್ತೀರ. ಹೊಸದು ಗೊತ್ತಿದ್ದರೆ ಮಾತ್ರ ಹಳೇದರಲ್ಲಿ ಏನೇನು ಹೋಯ್ತು ಅಂತ ಕಿವಿಗೆ ಬೀಳೋದು. ಮಾರ್ಸೆಲಿನೆ ಪಿಟೀಲಿನ ಜೊತೆ ಹಾಡೋದು, ಆಮೇಲೆ ಕತ್ತಲಲ್ಲಿ ಅವರಿಬ್ಬರೇ ಉಳಿಯೋದು, ನನ್ನ ಮಟ್ಟಿಗೆ ಈ ಎರಡಕ್ಕೇ ಆ ಡಬ್ಬಿಯ ದುಡ್ಡು ಬಂತು. 1806ರ ಮಧ್ಯದ ರೂಪದ ಹಿಂದೆ ಬೀಳಬೇಡಿ, ಅದಕ್ಕೆ ಅಂತ ಬರೆದ ‘ಲಿಯೊನೋರೆ ನಂಬರ್ 3’ ಓವರ್ಚರ್ ಒಂದು ಕೇಳಿದರೆ ಸಾಕು, ಅದು ಎಲ್ಲಾ ಕಡೆ ಸಿಗುತ್ತೆ.

ಹೋದ ವಾರ ನಾನು ಫಿಡೆಲಿಯೊ ಹಾಕಿದ್ದೆ. ಟ್ರಂಪೆಟ್ ಬಂತು, ಯಾಕಿನೊ ಬಂದು ಕೂಗಿದ. ಅಮ್ಮ ಒಳಗಿಂದ, "ಇದಲ್ಲ ಕಣ್ಲಾ, ಬಾಗ್ಲು ತೆಗೀದೆ ಇರದು ಹಾಕು" ಅಂದರು. ಎದ್ದು ಹೋಗಿ ಸಿಡಿ ಬದಲಾಯಿಸಿದೆ.